ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮಣ್ಣು ಪರೀಕ್ಷೆ ಮಾಡಿಸದೆ ತೋಟಕ್ಕೆ ಸುಣ್ಣ ಹಾಕಬೇಡಿ ಎಂದು ನಾವು ಈ ಪುಟಗಳಲ್ಲಿ ಹಲವು ಬಾರಿ ಬರೆದಿದ್ದೇವೆ. ಸದಸ್ಯ ಬಾಂಧವರು ಅದನ್ನು ಬಹುಮಟ್ಟಿಗೆ ಪಾಲಿಸುತ್ತಲೂ ಇದ್ದಾರೆ. ಆದರೆ ಅದೇ ಬೆಳೆಗಾರರು ಜೀಪು ಸ್ಟಾರ್ಟ್ ಆಗದ ದಿನ ಯಾವ ಪರೀಕ್ಷೆಯನ್ನೂ ಮಾಡದೆ ಹೊಸ ಬ್ಯಾಟರಿ ಕೊಂಡು ತರುತ್ತಾರೆ. ಮಣ್ಣಿಗೊಂದು ನ್ಯಾಯ, ವಾಹನಕ್ಕೊಂದು ನ್ಯಾಯವೇ? ಈ ತಪ್ಪನ್ನು ನಾವೂ ಮಾಡಿದವರೇ ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ರಾತ್ರಿ, ನೆರೆಮನೆಯ ಅಜ್ಜಿಗೆ ಉಸಿರು ಕಟ್ಟಿದಂತಾಗಿ ಮಡಿಕೇರಿಯ ಆಸ್ಪತ್ರೆಗೆ ಒಯ್ಯಬೇಕಾಯಿತು. ನಮ್ಮ ಹಳೆಯ ಡೀಸೆಲ್ ಜೀಪಿನ ಕೀ ತಿರುಗಿಸಿದರೆ 'ಟಕ್' ಎಂಬ ಸದ್ದು ಮಾತ್ರ. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಗಾಡಿ ನಿಂತಿದ್ದುದು ತೋಟದ ತಗ್ಗಿನಲ್ಲಿ, ಕೆಸರಿನಲ್ಲಿ. ಬೇರೊಬ್ಬರ ಜೀಪು ಬರುವವರೆಗೆ ಅಜ್ಜಿ ಜಗಲಿಯಲ್ಲಿ ಕಾದರು. ದೇವರ ದಯೆಯಿಂದ ಗುಣವಾಗಿ ಮನೆಗೆ ಮರಳಿದರು. ಮರುದಿನ ವರ್ಕ್‌ಶಾಪೊಂದರಲ್ಲಿ ಬ್ಯಾಟರಿ ಬದಲಾಯಿತು. ವಾರದಲ್ಲಿ ಅದೇ ಕಥೆ. ಆಗ ಸೆಲ್ಫ್ ಮೋಟರ್ ಬದಲಾಯಿತು. ಮತ್ತೆ ಅದೇ ಕಥೆ.

ಕೊನೆಗೆ ಊರಿನ ಹಿರಿಯ ಚಾಲಕರೊಬ್ಬರು ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದು ತಾವೇ ಮಾಡಿಕೊಂಡ ಟೆಸ್ಟರ್ ಹಿಡಿದು ಬಂದರು. ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ತಲೆಗೆ ಕಚ್ಚಿಸಿ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ, ಗೇರು ನ್ಯೂಟ್ರಲ್‌ನಲ್ಲಿಟ್ಟು ಕೀ ತಿರುಗಿಸಲು ಹೇಳಿದರು. ಉರಿಯಬಾರದ ಬಲ್ಬು ಉರಿಯಿತು. "ಸಾಹುಕಾರ್ರೇ, ಬ್ಯಾಟರಿಗೂ ಸೆಲ್ಫಿಗೂ ಏನೂ ಆಗಿರಲಿಲ್ಲ. ಕರೆಂಟು ಹಿಂದೆ ಹೋಗುವ ದಾರಿಗೆ ತುಕ್ಕು ಹಿಡಿದಿದೆ" ಎಂದರು. ಎಂಜಿನ್ನಿನಿಂದ ಚಾಸಿಗೆ ಕಟ್ಟಿದ್ದ ಅರ್ತ್ ಪಟ್ಟಿಯ ಬೋಲ್ಟನ್ನು ಬಿಚ್ಚಿ, ಉಪ್ಪುಕಾಗದದಿಂದ ತಿಕ್ಕಿ, ಬಿಗಿ ಮಾಡಿದ್ದಷ್ಟೇ ರಿಪೇರಿ. ಹೆಡ್‌ಲೈಟ್ ಆ ರಾತ್ರಿಯೂ ಚೆನ್ನಾಗಿಯೇ ಉರಿಯುತ್ತಿತ್ತು. ಬ್ಯಾಟರಿ ಸತ್ತಿಲ್ಲವೆಂದು ಅದು ಹೇಳುತ್ತಲೇ ಇತ್ತು. ಕೇಳುವ ಬುದ್ಧಿ ನಮಗಿರಲಿಲ್ಲ.

ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಬೆಲೆಬಾಳುವ ವಸ್ತುವೇನಲ್ಲ. ಹಿಡಿಯೊಳಗೊಂದು ಸಣ್ಣ ಬಲ್ಬು, ಮುಂದೆ ಚೂಪು ಮೊನೆ, ಹಿಂದೆ ವೈರು, ವೈರಿನ ತುದಿಗೆ ಮೊಸಳೆ ಬಾಯಿಯ ಕ್ಲಿಪ್. ಬಳಸುವ ಕ್ರಮವೂ ಸರಳ. ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೆ ಹಾಕಿ, ಮೊನೆಯನ್ನು ಪಾಸಿಟಿವ್‌ಗೆ ತಾಗಿಸಿ ಮೊದಲು ಟೆಸ್ಟರನ್ನೇ ಪರೀಕ್ಷಿಸಬೇಕು. ಬಳಿಕ ಕೀ ಆನ್ ಮಾಡಿ, ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳನ್ನೂ ಮುಟ್ಟಿ ನೋಡಬೇಕು. ಎರಡೂ ಕಡೆ ಉರಿದರೆ ಫ್ಯೂಸ್ ಸರಿಯಿದೆ. ಒಂದೇ ಕಡೆ ಉರಿದರೆ ಫ್ಯೂಸ್ ಹೋಗಿದೆ. ಎರಡೂ ಕಡೆ ಉರಿಯದಿದ್ದರೆ ಅಲ್ಲಿಗೆ ಕರೆಂಟೇ ಬಂದಿಲ್ಲ, ದೋಷ ಹಿಂದೆ ಎಲ್ಲೋ ಇದೆ. ದೀಪದ ಹೋಲ್ಡರಿನವರೆಗೆ ಕರೆಂಟು ಬಂದೂ ದೀಪ ಉರಿಯದಿದ್ದರೆ ಬಲ್ಬು ಹೋಗಿರಬೇಕು, ಇಲ್ಲವೇ ಅರ್ತ್ ಕೆಟ್ಟಿರಬೇಕು. ಹೀಗೆ ಒಂದೊಂದೇ ಹೆಜ್ಜೆ ನಡೆದರೆ ಕಳ್ಳ ಎಲ್ಲಿ ಅಡಗಿದ್ದಾನೆಂದು ತಾನಾಗಿ ತಿಳಿಯುತ್ತದೆ.

ಗಾಳಿಬೀಡು ಹೆಸರಿಗೆ ಗಾಳಿಯ ಬೀಡು. ನಿಜಕ್ಕೂ ಮಳೆಯ ಬೀಡೂ ಹೌದು. ನಾಲ್ಕು ತಿಂಗಳು ಆರದ ತೇವದಲ್ಲಿ ತಾಮ್ರ ಹಸಿರಾಗುತ್ತದೆ, ಬೋಲ್ಟಿಗೆ ತುಕ್ಕು ಹಿಡಿಯುತ್ತದೆ. ಬೆಚ್ಚಗಿನ ಜಾಗ ಹುಡುಕುವ ಇಲಿಗಳು ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುತ್ತವೆ. ಇವುಗಳಲ್ಲಿ ಯಾವುದೂ ಹೊಸ ಬ್ಯಾಟರಿಯಿಂದ ವಾಸಿಯಾಗುವ ರೋಗವಲ್ಲ.

ಆದರೆ ಕೆಲವು ಎಚ್ಚರಿಕೆಗಳನ್ನು ಹೇಳದಿದ್ದರೆ ನಾವು ಉಪಕಾರಕ್ಕಿಂತ ಅಪಕಾರವನ್ನೇ ಮಾಡಿದಂತಾದೀತು. ಮನೆಯ ಕರೆಂಟು ನೋಡುವ ಸ್ಕ್ರೂಡ್ರೈವರ್ ಟೆಸ್ಟರ್ 12 ವೋಲ್ಟಿಗೆ ಉರಿಯುವುದೇ ಇಲ್ಲ. ಅದನ್ನು ನಂಬಿ ಬ್ಯಾಟರಿ ಸತ್ತಿದೆ ಎನ್ನಬೇಡಿ. ಹಾಗೆಯೇ ವಾಹನದ ಟೆಸ್ಟರನ್ನು ಮನೆಯ 230 ವೋಲ್ಟಿಗೋ ಪಂಪ್‌ಸೆಟ್ಟಿಗೋ ಎಂದೂ ತಾಗಿಸಬೇಡಿ, ಪ್ರಾಣಕ್ಕೆ ಅಪಾಯ. ಮೊನೆಯಿಂದ ವೈರಿನ ಹೊದಿಕೆ ಚುಚ್ಚಬೇಡಿ. ಆ ತೂತಿನಿಂದ ನಮ್ಮ ಮಳೆಯ ನೀರು ಒಳಗಿಳಿದು ಹೊಸ ರೋಗ ತರುತ್ತದೆ. ಹಳದಿ ಹೊದಿಕೆಯ ಏರ್‌ಬ್ಯಾಗ್ ವೈರುಗಳನ್ನು ಮುಟ್ಟಲೇಬಾರದು. ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತುವುದು ಗಾಡಿಗೆ ಬೆಂಕಿ ಹಚ್ಚಲು ಆಮಂತ್ರಣ. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಯಾವ ಬಣ್ಣ ಹೋಯಿತೋ ಅದೇ ಬಣ್ಣ ಹಾಕಬೇಕು. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ.

"ಈಗಿನ ಗಾಡಿಗಳೆಲ್ಲ ಕಂಪ್ಯೂಟರು, ನಿಮ್ಮ ಬಲ್ಬು ಅಲ್ಲಿ ಏನು ಮಾಡೀತು?" ಎಂದು ಕಿರಿಯ ಸದಸ್ಯರು ಕೇಳುತ್ತಾರೆ. ಮಾತು ಅರ್ಧ ಸತ್ಯ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ವಾಹನಗಳಲ್ಲಿ ಎಂಜಿನ್ನಿನ ಆಡಳಿತವೆಲ್ಲ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಕೈಯಲ್ಲಿದೆ. ಆ ಪೆಟ್ಟಿಗೆಯ ಮತ್ತು ಸೆನ್ಸರುಗಳ ವೈರಿಗೆ ಬಲ್ಬಿನ ಟೆಸ್ಟರ್ ಹಿಡಿದರೆ ಸಾವಿರಾರು ರೂಪಾಯಿ ನಷ್ಟವಾದೀತು. ಅಲ್ಲಿಗೆ ಮಲ್ಟಿಮೀಟರು, ಸ್ಕ್ಯಾನರು, ತಿಳಿದ ಕೈ ಬೇಕು. ಬ್ಯಾಟರಿಯ ಆರೋಗ್ಯ ಅಳೆಯಲೂ ಮಲ್ಟಿಮೀಟರೇ ಸರಿ: ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಎಂಜಿನ್ ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು. ಆದರೆ ಹೊಸ ಗಾಡಿಗೂ ಫ್ಯೂಸ್ ಇದೆ, ಹಾರ್ನ್ ಇದೆ, ಹಿಂದಿನ ದೀಪವಿದೆ, ಅರ್ತ್ ಇದೆ. ಒಂದೇ ಎಳೆಯಲ್ಲಿ ಜೋತಾಡುವ ವೈರಿನಲ್ಲೂ ಮಲ್ಟಿಮೀಟರು 12 ಎಂದೇ ತೋರಿಸೀತು. ಟೆಸ್ಟ್ ಲ್ಯಾಂಪ್ ಸ್ವಲ್ಪ ಕರೆಂಟು ಎಳೆಯುವುದರಿಂದ, ಕರೆಂಟು ಸಾಗಲು ಬಿಡದಷ್ಟು ಕೆಟ್ಟ ಜೋಡಣೆಯಿದ್ದರೆ ಬಲ್ಬು ಮಂಕಾಗಿ ತೋರಿಸಿಕೊಡುತ್ತದೆ.

ಮೆಕ್ಯಾನಿಕರ ಅನ್ನ ಕಸಿಯುವುದು ನಮ್ಮ ಉದ್ದೇಶವಲ್ಲ. "ಗಾಡಿ ಕೆಟ್ಟಿದೆ, ಬನ್ನಿ" ಎಂದು ಫೋನ್ ಮಾಡುವುದಕ್ಕೂ, "ಹೆಡ್‌ಲೈಟ್ ಉರಿಯುತ್ತದೆ, ಸೆಲ್ಫಿನ ವೈರಿಗೂ ಕರೆಂಟು ಬರುತ್ತದೆ, ಮೋಟರು ಮಾತ್ರ ತಿರುಗುವುದಿಲ್ಲ" ಎಂದು ಹೇಳುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ಮಾತು ಕೇಳಿದ ಮೆಕ್ಯಾನಿಕ್ ಬೇಕಾದ ಸಾಮಾನನ್ನೇ ಹಿಡಿದು ಬರುತ್ತಾನೆ. ಬೇಡದ ಸಾಮಾನು ನಮ್ಮ ತಲೆಗೆ ಬರುವುದೂ ತಪ್ಪುತ್ತದೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದ ದಿನಗಳನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಮಡಿಕೇರಿಯಿಂದ ಮೆಕ್ಯಾನಿಕ್ ಬರುವಂತಿಲ್ಲ. ಊರಿನಲ್ಲಿ ಯಾರ ಗಾಡಿ ಓಡುತ್ತದೋ ಅದೇ ಎಲ್ಲರ ಗಾಡಿ. ಆದ್ದರಿಂದ ಸಂಘದ ಗೋದಾಮಿನಲ್ಲಿ ಐದಾರು ಟೆಸ್ಟ್ ಲ್ಯಾಂಪ್‌ಗಳನ್ನೂ ಒಂದು ಮಲ್ಟಿಮೀಟರನ್ನೂ ಇಟ್ಟು ಸದಸ್ಯರಿಗೆ ಎರವಲು ಕೊಡಬೇಕು, ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಪ್ರಾತ್ಯಕ್ಷಿಕೆ ನಡೆಸಬೇಕು ಎಂಬ ಸಲಹೆಯನ್ನು ಆಡಳಿತ ಮಂಡಳಿಯ ಮುಂದೆ ಇಡಲಿದ್ದೇವೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಬರೆದು ತಿಳಿಸಬೇಕಾಗಿ ವಿನಂತಿ. ಗಂಡಸರಷ್ಟೇ ಅಲ್ಲ, ಮನೆಯ ಹೆಂಗಸರೂ ಮಕ್ಕಳೂ ಕಲಿಯಲಿ. ಗಾಡಿ ಕೆಡುವುದು ಯಜಮಾನರು ಮನೆಯಲ್ಲಿದ್ದಾಗ ಮಾತ್ರವೇ ಅಲ್ಲವಲ್ಲ!