ಕೊಡಸಿಗೆಯ ಎಲೆ ಮತ್ತು ಅಳತೆಯ ಪ್ರಾಮಾಣಿಕತೆ

ಕಾಡನ್ನು ರಾಸಾಯನಿಕವಾಗಿಸುವ ವಿದ್ಯೆ ಭದ್ರಾವತಿಗೆ ಹೊಸತಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯು ಮಲೆನಾಡಿನ ಸೌದೆಯನ್ನು ಬಟ್ಟಿ ಇಳಿಸಿ ಇದ್ದಿಲಿನೊಡನೆ ಮರದ ಮದ್ಯಸಾರವನ್ನೂ ಪಡೆಯುತ್ತಿತ್ತು. ಅಂದು ಕಾಡಿನ ಅಳತೆ ಟನ್ನುಗಳಲ್ಲಿತ್ತು. ಇಂದು ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಶಿವಮೊಗ್ಗ ನಗರದ ನವುಲೆಯಲ್ಲಿ ಕೃಷಿ ಕಾಲೇಜಿದೆ. ಎಲೆಯೊಳಗಿನ ವಸ್ತುವನ್ನು ಮಿಲಿಗ್ರಾಂಗಳಲ್ಲಿ ಅಳೆಯುವ ಶಾಸ್ತ್ರ ಜಿಲ್ಲೆಗೆ ಬಂದಿದೆ. ಅದನ್ನು ಯಾವುದಕ್ಕೆ ಬಳಸಬೇಕೆಂಬುದು ಈಗಿನ ಪ್ರಶ್ನೆ.

ಕೊಡಸಿಗೆಯನ್ನೇ ತೆಗೆದುಕೊಳ್ಳೋಣ. ಸಂಸ್ಕೃತದ ಕುಟಜ ಇದೇ. ಹೊಸನಗರ ತಾಲ್ಲೂಕಿನ ಕೊಡಚಾದ್ರಿಗೆ ಈ ಮರದಿಂದಲೇ ಹೆಸರು ಬಂತೆಂಬ ಮಾತಿದೆ. ಇದರ ಹೂವು ಮಲೆನಾಡಿನ ಅಡುಗೆಮನೆಯಲ್ಲಿ ತಂಬುಳಿಯಾಗುತ್ತದೆ. ತೊಗಟೆಯು ಆಮಶಂಕೆಗೆ ಮದ್ದಾಗಿ ಕುಟಜಾರಿಷ್ಟದ ಬಾಟಲಿ ಸೇರುತ್ತದೆ. ಮದ್ದಿನ ಗುಣಕ್ಕೆ ಮುಖ್ಯ ಕಾರಣವೆಂದು ಗುರುತಿಸಲಾದುದು ಕೊನೆಸಿನ್ ಮೊದಲಾದ ಸ್ಟೀರಾಯ್ಡ್ ಆಲ್ಕಲಾಯ್ಡುಗಳು. ತೊಗಟೆಯನ್ನು ಸುತ್ತಲೂ ಸುಲಿದರೆ ಮರ ಒಣಗುತ್ತದೆ. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಹಾಗಾದರೆ ತೊಗಟೆಗೆ ಬದಲು ಎಲೆಯನ್ನೇಕೆ ಬಳಸಬಾರದು?

ಪರಿಸರಪ್ರಿಯರ ಕಿವಿಗೆ ಹಿತವಾದ ಈ ಮಾತು ಅಷ್ಟು ಸರಳವಲ್ಲ. ಎಲೆಯಲ್ಲಿಯೂ ಸ್ಟೀರಾಯ್ಡ್ ಆಲ್ಕಲಾಯ್ಡುಗಳಿವೆ, ನಿಜ. ಆದರೆ ಎಲೆಯಿಂದ ಬೇರ್ಪಡಿಸಲಾದ ಹೋಲಾಂಟೋಸಿನ್‌ನಂಥವು ಅಮೈನೋ ಸಕ್ಕರೆ ಅಂಟಿಕೊಂಡ ಬೇರೆಯೇ ಅಣುಗಳು. ಕುಲ ಒಂದಾದ ಮಾತ್ರಕ್ಕೆ ಗುಣ ಒಂದಾಗುವುದಿಲ್ಲ.

ಅಳತೆಯ ಕ್ರಮದಲ್ಲಿಯೇ ಮೋಸಹೋಗುವ ದಾರಿಗಳಿವೆ. ಪುಡಿಯನ್ನು ಕ್ಷಾರಗೊಳಿಸಿ, ಕ್ಲೋರೋಫಾರ್ಮಿನಲ್ಲಿ ಇಳಿಸಿ, ಆಮ್ಲದೊಡನೆ ತೂಗಿದರೆ ‘ಒಟ್ಟು ಆಲ್ಕಲಾಯ್ಡು’ ಎಂಬ ಅಂಕಿ ದೊರೆಯುತ್ತದೆ. ಅದು ಗೋದಾಮಿನ ಚೀಲಗಳನ್ನು ಎಣಿಸಿದಂತೆ. ಚೀಲದೊಳಗೆ ಅಕ್ಕಿಯೋ ಹೊಟ್ಟೋ ತಿಳಿಯದು. ಕೊನೆಸಿನ್ ಒಂದನ್ನೇ ಹಿಡಿಯುವುದು ಇನ್ನೂ ಕಷ್ಟ. ಅದರ ಅಣುವಿನಲ್ಲಿರುವುದು ಒಂಟಿ ಜೋಡಿಬಂಧ. ಆದ್ದರಿಂದ ಅತಿನೇರಳೆ ಬೆಳಕನ್ನು ಅದು ಚೆನ್ನಾಗಿ ಹೀರುವುದಿಲ್ಲ. 210 ನ್ಯಾನೋಮೀಟರಿನ ಆಸುಪಾಸಿಗೆ ಇಳಿದರೆ ಎಲೆಯ ಹತ್ತಾರು ಅನ್ಯವಸ್ತುಗಳೂ ಅಲ್ಲಿಯೇ ಸದ್ದು ಮಾಡುತ್ತವೆ. ತೆಳುಪದರದ ತಟ್ಟೆಯ ಮೇಲೆ ಬೇರ್ಪಡಿಸಿ, ಡ್ರಾಗೆನ್‌ಡಾರ್ಫ್ ದ್ರಾವಣ ಸಿಂಪಡಿಸಿ, ಕಿತ್ತಳೆ ಬಣ್ಣದ ಕಲೆಯನ್ನು ಶುದ್ಧ ಕೊನೆಸಿನ್ನಿನ ಕಲೆಯೊಡನೆ ಹೋಲಿಸುವುದು ಕಡಿಮೆ ವೆಚ್ಚದ ಹಾದಿ. ದ್ರವ್ಯರಾಶಿ ಮಾಪಕವಿದ್ದರೆ ಇನ್ನೂ ಖಚಿತ.

ತೂಕದ ಗೊಂದಲ ಬೇರೆ. ಹಸಿ ಎಲೆಯಲ್ಲಿ ನೂರಕ್ಕೆ 70 ಭಾಗ ನೀರಿದ್ದರೆ, ಒಣ ತೂಕದ ಲೆಕ್ಕದ ಅಂಕಿಯು ಹಸಿ ತೂಕದ ಅಂಕಿಯ ಮೂರು ಪಟ್ಟನ್ನೂ ಮೀರುತ್ತದೆ. ಯಾವುದನ್ನು ತೂಗಿದರೆಂದು ಹೇಳದ ವರದಿ ನಿಷ್ಪ್ರಯೋಜಕ. ಗುರುತಿನಲ್ಲಿಯೂ ಎಡವಟ್ಟಾಗುತ್ತದೆ: ಬೆಪ್ಪಾಲೆಯ ತೊಗಟೆ, ಬೀಜಗಳು ಕೊಡಸಿಗೆಯ ಹೆಸರಿನಲ್ಲಿ ಮಾರುಕಟ್ಟೆಗೆ ಬರುವುದು ಹಳೆಯ ಕಥೆ. ಬೆಪ್ಪಾಲೆಯ ಜೋಡಿಕಾಯಿಗಳು ತುದಿಯಲ್ಲಿ ಅಂಟಿಕೊಂಡಿರುತ್ತವೆ, ಕೊಡಸಿಗೆಯವು ಬಿಡಿಬಿಡಿಯಾಗಿ ತೂಗುತ್ತವೆ. ಎಲೆ ಮಾತ್ರ ಪ್ರಯೋಗಶಾಲೆಗೆ ಹೋದರೆ ಈ ಸಾಕ್ಷಿ ಕಾಡಿನಲ್ಲಿಯೇ ಉಳಿಯುತ್ತದೆ. ಹೂವೋ ಕಾಯಿಯೋ ಇರುವ ಕೊಂಬೆಯೊಂದನ್ನು ಒಣಗಿಸಿ ಸಸ್ಯಾಗಾರದಲ್ಲಿರಿಸದೆ ಮಾಡಿದ ವಿಶ್ಲೇಷಣೆ ಎಷ್ಟೇ ನಿಖರವಾದರೂ ನಂಬತಕ್ಕದ್ದಲ್ಲ.

ಕೊನೆಸಿನ್ ನಿರುಪದ್ರವಿಯೂ ಅಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಶುದ್ಧ ರೂಪದಲ್ಲಿ ಅಮೀಬಾ ಆಮಶಂಕೆಗೆ ಕೊಟ್ಟಾಗ ಕೆಲವು ರೋಗಿಗಳಲ್ಲಿ ನಿದ್ರಾನಾಶ, ಚಿತ್ತಚಾಂಚಲ್ಯಗಳು ಕಂಡವು. ಮೆಟ್ರೋನಿಡಜೋಲ್ ಬಂದ ಮೇಲೆ ವೈದ್ಯರು ಅದನ್ನು ಕೈಬಿಟ್ಟರು. ಅಶ್ವಗಂಧದಲ್ಲಿಯೂ ಪಾಠವಿದೆ. ಅದರ ಎಲೆಯಲ್ಲಿ ವಿಥಾಫೆರಿನ್-ಎ ಎಂಬ ಸ್ಟೀರಾಯ್ಡ್ ಲ್ಯಾಕ್ಟೋನು ಬೇರಿಗಿಂತ ಹೆಚ್ಚು. ಅಗ್ಗದ ಎಲೆ ಬೇರಿನ ಪುಡಿಯೊಳಗೆ ಸೇರಲಾರಂಭಿಸಿದಾಗ, 2021ರಲ್ಲಿ ಕೇಂದ್ರ ಆಯುಷ್ ಸಚಿವಾಲಯವು ಬೇರನ್ನೇ ಬಳಸಿರೆಂದು ತಯಾರಕರಿಗೆ ಸೂಚಿಸಬೇಕಾಯಿತು. ‘ಎಲೆಯಲ್ಲಿ ಹೆಚ್ಚಿದೆ’ ಎಂಬುದು ಎಲೆ ಒಳ್ಳೆಯದೆಂಬುದಕ್ಕೆ ಪುರಾವೆಯಲ್ಲ.

ಆದುದರಿಂದ ಒಂದು ಮರದ, ಒಂದು ದಿನದ ಎಲೆಯಿಂದ ಬಂದ ಅಂಕಿಯನ್ನು ಯಾರೂ ಘೋಷಣೆಯಾಗಿಸಬಾರದು. ಹಾಗೆ ಘೋಷಿಸಿದರೆ ತೊಗಟೆಯ ಚೀಲದ ಜೊತೆಗೆ ಎಲೆಯ ಚೀಲವೂ ಕಾಡಿನಿಂದ ಹೊರಡುತ್ತದೆ, ಅಷ್ಟೆ. ಭದ್ರಾವತಿಯ ಒಣಸೆರಗಿನ ಕುರುಚಲಿನಿಂದ ಕೊಡಚಾದ್ರಿಯ ತಪ್ಪಲಿನವರೆಗೆ, ಏಪ್ರಿಲ್‌ನ ಚಿಗುರಿನಿಂದ ಚಳಿಗಾಲದ ಹಣ್ಣೆಲೆಯವರೆಗೆ, ಗುರುತು ಹಾಕಿದ ಮರಗಳಿಂದಲೇ ಮಾದರಿ ತೆಗೆಯಬೇಕು. ಎಲೆ ಕಿತ್ತ ಮರ ಮರುವರ್ಷ ಎಷ್ಟು ಹೂ ಬಿಟ್ಟಿತೆಂಬುದನ್ನೂ ಅದೇ ಪುಸ್ತಕದಲ್ಲಿ ಬರೆದಿಡಬೇಕು. 2002ರ ಜೀವವೈವಿಧ್ಯ ಕಾಯಿದೆಯಡಿ ರಚನೆಯಾದ ಗ್ರಾಮಮಟ್ಟದ ನಿರ್ವಹಣಾ ಸಮಿತಿಗಳಿಗೆ ಆ ವರದಿಯ ಪ್ರತಿ ಸಲ್ಲಬೇಕು, ಅದೂ ಕನ್ನಡದಲ್ಲಿ.