ಪಹಣಿ ಇದ್ದವರು ಮಾತ್ರ ರೈತರೇ?

ಡಿಜಿಟಲ್ ಆರ್ಥಿಕತೆ ಬಂದರೆ ಕೃಷಿ ಇಳುವರಿ ಏರುತ್ತದೆ ಎಂಬುದನ್ನು ನಾವು ಕ್ಲಾಸಿನಲ್ಲಿ ಕೇಳಿದೆವು, ಪತ್ರಿಕಾಗೋಷ್ಠಿಗಳಲ್ಲಿ ಬರೆದುಕೊಂಡೆವು, ಒಂದಷ್ಟು ದಿನ ನಂಬಿಯೂ ಬಿಟ್ಟೆವು. ಈಗ ಕೇಳಬೇಕಾದ್ದು ಒಂದೇ: ಯಾರ ಹೆಸರಿನಲ್ಲಿ?

ನಮ್ಮ ರಾಜ್ಯದಲ್ಲಿ ಈ ಇಡೀ ಕಟ್ಟಡ ನಿಂತಿರುವುದು ಪಹಣಿಯ ಮೇಲೆ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಒಳ್ಳೆಯ ಕೆಲಸವೇ. ಆಮೇಲೆ ‘ಫ್ರೂಟ್ಸ್’ ಐಡಿ ಬಂತು. ರಿಯಾಯಿತಿ ಬೀಜ, ಬೆಂಬಲ ಬೆಲೆ ಖರೀದಿ, ಬೆಳೆ ಪರಿಹಾರ, ಎಲ್ಲಕ್ಕೂ ಅದೇ ಬೀಗದ ಕೈ. ಜಮೀನು ಹೆಸರಿನಲ್ಲಿಲ್ಲದಿದ್ದರೆ ಆ ಕೈ ಯಾವ ಬೀಗವನ್ನೂ ತೆಗೆಯದು.

ಆದರೆ ಹೊಲದಲ್ಲಿ ಇರುವವರು ಯಾರು? ಲಾವಣಿಗೆ ಹಿಡಿದವರು, ಕೋರಿಗೆ ಮಾಡುವವರು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಉಳುವವನಿಗೇ ಭೂಮಿ ಎಂಬುದು ಅದರ ಆಸೆ. ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಪಹಣಿಯ 12ನೇ ಕಾಲಂ ಸಾಗುವಳಿದಾರರಿಗೆಂದೇ ಇದ್ದರೂ ಲಾವಣಿಯವರ ಹೆಸರು ಅಲ್ಲಿಗೆ ಹತ್ತುವುದಿಲ್ಲ. ಮಾಲೀಕರಿಗೆ ಭಯ.

ಹೀಗಾಗಿ ನಿಜವಾಗಿ ಉಳುವವರು ಅಂಗಡಿಯವರ ಬಳಿ ಉದ್ರಿಗೆ ಬೀಜ ತರುತ್ತಾರೆ, ಅವರು ಕೊಟ್ಟ ಚೀಲವನ್ನೇ ಬಿತ್ತುತ್ತಾರೆ, ಬೆಳೆದದ್ದನ್ನು ಅವರಿಗೇ ಅಳೆಯುತ್ತಾರೆ. ಬರುವ ವರ್ಷ ಹೊಲ ಕೈಯಲ್ಲಿರುತ್ತದೋ ಇಲ್ಲವೋ, ಹತ್ತು ಗಾಡಿ ಕೊಟ್ಟಿಗೆ ಗೊಬ್ಬರ ಯಾಕೆ ಹೊಡೆಸಬೇಕು? ಬದು ಯಾಕೆ ಹಾಕಬೇಕು? ಇಳುವರಿ ಸೋರುವುದು ಇಲ್ಲಿ. ಮಳೆ ಕೈಕೊಟ್ಟರೆ ಪರಿಹಾರ ಬೆಂಗಳೂರಿನ ಖಾತೆಗೆ ಹೋಗುತ್ತದೆ, ಸಾಲ ಊರಲ್ಲೇ ಉಳಿಯುತ್ತದೆ. ಫಸಲ್ ಬಿಮಾ ನಿಯಮದಲ್ಲಿ ಗೇಣಿದಾರರಿಗೂ ಜಾಗವಿದೆಯಂತೆ. ಗೇಣಿಯೇ ಅಕ್ರಮವಾದ ಕಡೆ ಗೇಣಿ ಪತ್ರ ಎಲ್ಲಿಂದ ತರುವುದು? ಪಿಎಂ ಕಿಸಾನ್‌ನ 6,000 ರೂಪಾಯಿಯಂತೂ ಭೂಮಿ ಇದ್ದವರಿಗೆ ಮಾತ್ರ.

ಆಂಧ್ರ 2019ರಲ್ಲಿ ಸಾಗುವಳಿದಾರರಿಗೆ 11 ತಿಂಗಳ ಕಾರ್ಡು ಕೊಡುವ ಕಾನೂನು ಮಾಡಿತು. ಮಾಲೀಕರ ಸಹಿ ಬೇಕೆಂದು ಬರೆದು ಅದರ ಕಾಲನ್ನು ತಾನೇ ಕಟ್ಟಿತು. ನಮ್ಮಲ್ಲಿ ಆ ತಪ್ಪು ಮಾಡಬೇಕಿಲ್ಲ. ಬೆಳೆ ಸಮೀಕ್ಷೆ ಆ್ಯಪ್ ಹಿಡಿದವರು ಹಂಗಾಮಿಗೊಮ್ಮೆ ಹೊಲಕ್ಕೇ ಹೋಗಿ, ಜಿಪಿಎಸ್ ಹಾಕಿ, ಬೆಳೆಯ ಫೋಟೊ ತೆಗೆಯುತ್ತಾರೆ. ತೊಗರಿಯೋ ಜೋಳವೋ ಎಂದು ಬರೆದುಕೊಳ್ಳುವಾಗ ಇನ್ನೊಂದು ಪ್ರಶ್ನೆ ಸೇರಿಸಲಿ: ಇದನ್ನು ಬಿತ್ತಿದವರು ಯಾರು? ಆ ಉತ್ತರದಿಂದ ಒಡೆತನದ ಹಕ್ಕು ಹುಟ್ಟುವುದಿಲ್ಲ ಎಂದು ಕಾನೂನಿನಲ್ಲೇ ಬರೆಯಲಿ, ಮಾಲೀಕರ ಭಯ ಹೋಗಲಿ. ಬೀಜ, ವಿಮೆ, ಪರಿಹಾರ ಆ ಹೆಸರಿಗೆ ಬರಲಿ.