ಸಿದ್ಧ ಇಂಡಿಕೇಟರ್ ಸಾಕೆನ್ನುವವರಿಗೆ

ಚಾರ್ಟ್ ನೋಡುವ ಬಾಗಳಿ, ಹರಪನಹಳ್ಳಿ ಕಡೆಯ ಹುಡುಗರು ದರದ ಏರಿಳಿತವನ್ನು ಲೆಕ್ಕಹಾಕಿ ಗೆರೆಯಾಗಿ ತೋರಿಸುವ ಇಂಡಿಕೇಟರ್ ಫಂಕ್ಷನ್‌ಗಳನ್ನು ತಾವೇ ಬರೆಯಲು ಕಲಿಯಲಿ ಎಂದರೆ ಹಲವರಿಗೆ ಸಿಟ್ಟು.

‘ಆರ್‌ಎಸ್‌ಐ ಎಲ್ಲ ತಂತ್ರಾಂಶದಲ್ಲೂ ಇದೆ, ಮತ್ತೆ ಬರೆಯುವುದೇಕೆ?’ ಎನ್ನುತ್ತಾರೆ. ದರದ ಏರಿಕೆ, ಇಳಿಕೆಗಳ ಬಲ ಅಳೆಯುವ ಈ ಇಂಡಿಕೇಟರ್‌ಗೆ ವೆಲ್ಸ್ ವೈಲ್ಡರ್ 1978ರಲ್ಲಿ ಕೊಟ್ಟ 14 ದಿನಗಳ ಲೆಕ್ಕದಲ್ಲಿ ಏರಿಕೆಯದಾಗಲಿ ಇಳಿಕೆಯದಾಗಲಿ ನಿನ್ನೆಯ ಸರಾಸರಿಯನ್ನು 13ರಿಂದ ಗುಣಿಸಿ, ಇಂದಿನದನ್ನು ಕೂಡಿಸಿ, 14ರಿಂದ ಭಾಗಿಸಬೇಕು. ಇಂದಿನ ದಿನದ ತೂಕ ಹದಿನಾಲ್ಕರಲ್ಲಿ ಒಂದು ಪಾಲು. ಅಷ್ಟೇ ದಿನಗಳ ಸಾಮಾನ್ಯ ಇಎಂಎಯಲ್ಲಿ, ಅಂದರೆ ಘಾತೀಯ ಚಲಿಸುವ ಸರಾಸರಿಯಲ್ಲಿ, ಅದು ಹದಿನೈದರಲ್ಲಿ ಎರಡು ಪಾಲು. ಯಾರೋ ಹಂಚಿದ ಕೋಡ್‌ನಲ್ಲಿ ಎರಡನೆಯದು ನುಸುಳಿದ್ದರೆ ಹೆಸರು ಅದೇ, ಗೆರೆ ಬೇರೆ.

ಅದಿರಲಿ, ನಮ್ಮ ಮೆಕ್ಕೆಜೋಳಕ್ಕೆ ಬನ್ನಿ. ರಾಜ್ಯದ ಮಾರುಕಟ್ಟೆ ದರಗಳ ಜಾಲತಾಣ ಕೃಷಿ ಮಾರಾಟ ವಾಹಿನಿಯಲ್ಲಿ ಸಿಗುವುದು ಆವಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ಬೆಲೆ. ಷೇರಿನ ಹಾಗೆ ಆರಂಭದ ದರ, ಮುಕ್ತಾಯದ ದರ ಇಲ್ಲ. ಮಾರುಕಟ್ಟೆಗೆ ರಜೆ ಬಿದ್ದ ದಿನ ಸಾಲೇ ಖಾಲಿ. ಹತ್ತು ಚೀಲ ಬಂದ ದಿನದ ದರಕ್ಕೂ ಸುಗ್ಗಿಯಲ್ಲಿ ಲಾರಿಗಟ್ಟಲೆ ಬಂದ ದಿನದ ದರಕ್ಕೂ ಒಂದೇ ತೂಕ ಕೊಡುವ ಸಿದ್ಧ ಸರಾಸರಿಯಿಂದ ರೈತನಿಗೆ ತಿಳಿಯುವುದೇನು? ಮಾದರಿ ಬೆಲೆಯನ್ನು ಆವಕದಿಂದ ಗುಣಿಸಿ, ಕಳೆದ ಹತ್ತು ವಹಿವಾಟಿನ ದಿನಗಳದ್ದನ್ನು ಕೂಡಿ, ಒಟ್ಟು ಆವಕದಿಂದ ಭಾಗಿಸಿ ಗೆರೆ ಎಳೆಯಿರಿ. ಅದರ ಜೊತೆಗೆ ಇನ್ನೊಂದು ಗೆರೆ, 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿಯದು. ಎರಡು ಗೆರೆಗಳ ನಡುವಿನ ಅಂತರವೇ ನಮಗೆ ಬೇಕಾದ ಇಂಡಿಕೇಟರ್. ನನಗೆ ತಿಳಿದಂತೆ ಇದನ್ನು ಯಾವ ಕಂಪನಿಯೂ ಸಿದ್ಧಮಾಡಿ ಇಟ್ಟಿಲ್ಲ.

‘ಕೋಡ್ ಬರೆಯುವುದು ಇಂಜಿನಿಯರುಗಳ ಕೆಲಸ’ ಎನ್ನುವವರು ದಲಾಲಿ ಅಂಗಡಿಯ ಗುಮಾಸ್ತರು ಎಕ್ಸೆಲ್‌ನಲ್ಲಿ ಬರೆಯುವ ಸೂತ್ರಗಳನ್ನು ಒಮ್ಮೆ ನೋಡಲಿ.

‘ಬ್ಯಾಕ್‌ಟೆಸ್ಟ್‌ನಲ್ಲಿ ಲಾಭ ಬಂದಿದೆ, ಒಳಗಿನ ಕೋಡ್ ನಿಮಗೇಕೆ?’ ಎನ್ನುವವರು ಹೆಚ್ಚು ಅಪಾಯದವರು. ಬ್ಯಾಕ್‌ಟೆಸ್ಟ್ ಎಂದರೆ ಹಳೆಯ ದರಗಳ ಮೇಲೆ ನಡೆಸುವ ಪರೀಕ್ಷೆ. ಚಾರ್ಟ್ ತಂತ್ರಾಂಶ ಅಮಿಬ್ರೋಕರ್‌ನ ರೆಫ್ ಫಂಕ್ಷನ್‌ಗೆ ಮೈನಸ್ ಒಂದು ಕೊಟ್ಟರೆ ನಿನ್ನೆಯ ದರ ಬರುತ್ತದೆ, ಬರೀ ಒಂದು ಕೊಟ್ಟರೆ ನಾಳೆಯದು. ಆ ಒಂದು ಚಿಹ್ನೆ ಬಿಟ್ಟುಹೋದರೆ ಹಳೆಯ ಚಾರ್ಟ್‌ನಲ್ಲಿ ಎಲ್ಲರೂ ಕುಬೇರರೇ. ಗೊತ್ತಿದ್ದೇ ಬಿಡುವವರೂ ಇರಬಹುದು. ಕೋಡ್ ಓದಲು ಬಾರದವನಿಗೆ ಎರಡೂ ಒಂದೇ.

ಕೊನೆಯದು, ‘ಇದೆಲ್ಲ ಜೂಜು’. ಈ ಮಾತಿನಲ್ಲಿ ಹುರುಳಿದೆ. 2021–22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ವ್ಯಕ್ತಿಗಳಲ್ಲಿ 93% ಮಂದಿ ನಷ್ಟ ಅನುಭವಿಸಿದರೆಂದು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯೇ 2024ರಲ್ಲಿ ಹೇಳಿತು. ಫಂಕ್ಷನ್ ಬರೆದವರೆಲ್ಲ ಉಳಿದ 7%ರಲ್ಲಿ ಸೇರುತ್ತಾರೆಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಆಪ್ಷನ್ಸ್‌ನಿಂದ ದೂರವಿರಿ. ಕೋಡ್ ತೋರಿಸದೆ ಇಂಡಿಕೇಟರ್ ಮಾರಲು ಬಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.